ಮುಳ್ಳಯ್ಯನಗಿರಿ ಮುಗಿಯುವ ಎತ್ತರದಲ್ಲಿ ಕೇದಾರದ ನಡಿಗೆ ಶುರು: ಡಾಕ್ಟ್ರಮ್ಮನ ಜೊತೆ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿಯಿಂದ): ಡಾಕ್ಟ್ರಮ್ಮ, ನಮಸ್ಕಾರ. ಅಪ್ಪನಿಗೆ 67, ಅಮ್ಮನಿಗೆ 62. ಕೇದಾರಕ್ಕೆ ಹೋಗಬೇಕು ಅಂತ ಇಬ್ಬರಿಗೂ ಬಹಳ ವರ್ಷದ ಆಸೆ. ಸೆಪ್ಟೆಂಬರ್ ಕೊನೆಗೆ, ಅಡಿಕೆ ಕೊಯ್ಲು ಜೋರಾಗುವ ಮೊದಲು ಕರ್ಕೊಂಡು ಹೋಗಿ ಬರೋಣ ಅಂತಿದ್ದೇನೆ. ಅಪ್ಪನಿಗೆ ಬಿಪಿ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಅಮ್ಮನಿಗೆ ಶುಗರ್, ಮಾತ್ರೆ ಜೊತೆಗೆ ರಾತ್ರಿ ಇನ್ಸುಲಿನ್. ಟೂರಿನವರು ಕೊಟ್ಟ ಪ್ಲಾನ್ ಹೀಗಿದೆ: ಮೊದಲ ದಿನ ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ವಿಮಾನ, ಎರಡನೇ ದಿನ ಗುಪ್ತಕಾಶಿ, ಮೂರನೇ ದಿನ ಬೆಳಿಗ್ಗೆ ಹೆಲಿಕಾಪ್ಟರ್‌ನಲ್ಲಿ ಕೇದಾರ, ರಾತ್ರಿ ಅಲ್ಲೇ ಉಳಿದು ನಾಲ್ಕನೇ ದಿನ ಕೆಳಗೆ. "ನಡೆಯೋದೇ ಇಲ್ವಲ್ಲ, ಏನೂ ತೊಂದರೆ ಆಗಲ್ಲ" ಅಂತ ಅವರು ಹೇಳುತ್ತಾರೆ. ನೀವೇನು ಹೇಳ್ತೀರಿ?

ಉತ್ತರ: ಅಪ್ಪ ಅಮ್ಮನ ಆಸೆ ದೊಡ್ಡದು, ಖಂಡಿತ ಕರ್ಕೊಂಡು ಹೋಗಿ. ಆದರೆ ಈ ಪ್ಲಾನ್‌ನಲ್ಲಿ ಬೇಡ.

ಮೊದಲು ಎತ್ತರದ ಲೆಕ್ಕ ನೋಡಿ. ನಮ್ಮ ಕೊಡಚಾದ್ರಿ 1,343 ಮೀಟರ್. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930. ಕೇದಾರಕ್ಕೆ ನಡೆಯಲು ಶುರುಮಾಡುವ ಗೌರೀಕುಂಡವೇ ಸುಮಾರು 1,980 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ ಮುಗಿಯುವ ಮಟ್ಟದಲ್ಲಿ ಆ ದಾರಿ ಶುರುವಾಗುತ್ತದೆ. ಅಲ್ಲಿಂದ 16 ಕಿ.ಮೀ. ಹತ್ತಿದರೆ ದೇವಸ್ಥಾನ, 3,583 ಮೀಟರ್. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟೇ.

ನಮ್ಮ ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ಹೆಲಿಕಾಪ್ಟರ್ ಹತ್ತು ನಿಮಿಷದ ಒಳಗೆ ಮೇಲೆ ಇಳಿಸಿಬಿಡುತ್ತದೆ. ಕಾಲಿಗೆ ಶ್ರಮ ಇಲ್ಲ ನಿಜ, ಶ್ವಾಸಕೋಶಕ್ಕೂ ಹೃದಯಕ್ಕೂ ಮಾತ್ರ ಸ್ವಲ್ಪವೂ ಸಮಯ ಸಿಗುವುದಿಲ್ಲ. ಇಳಿದ ಕೂಡಲೇ ಎಲ್ಲರೂ ಚೆನ್ನಾಗೇ ಇರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಬಿಟ್ಟು ಶುರುವಾಗುತ್ತದೆ, ಅಂದರೆ ಸರಿಯಾಗಿ ರಾತ್ರಿ ಹೊತ್ತಿಗೆ. ನಿದ್ದೆಯಲ್ಲಿ ರಕ್ತದ ಆಮ್ಲಜನಕ ಇನ್ನೂ ಇಳಿಯುತ್ತದೆ. ಆಗ ಹೊರಗೆ ಕತ್ತಲೆ, ಹೆಲಿಕಾಪ್ಟರ್ ಹಾರುವುದಿಲ್ಲ, ಹವಾಮಾನ ಕೆಟ್ಟರೆ ಬೆಳಿಗ್ಗೆಯೂ ಹಾರುವುದಿಲ್ಲ. ನಿಮ್ಮ ಪ್ಲಾನ್‌ನಲ್ಲಿ ನನಗೆ ಹೆದರಿಕೆ ಇರುವುದು ಆ ಒಂದು ರಾತ್ರಿಯ ಬಗ್ಗೆ. ಹೆಲಿಕಾಪ್ಟರ್‌ನಲ್ಲೇ ಹೋಗುವುದಾದರೆ ದರ್ಶನ ಮುಗಿಸಿ ಅದೇ ದಿನ ಇಳಿದುಬಿಡಿ, ಅದೇ ಜಾಸ್ತಿ ಸುರಕ್ಷಿತ.

ಮತ್ತೆ ತೀರ್ಥಹಳ್ಳಿಯಿಂದ: ಅಲ್ಲಿ ಒಂದು ರಾತ್ರಿಯಾದರೂ ಇರಬೇಕು, ಬೆಳಗಿನ ಪೂಜೆ ನೋಡಬೇಕು ಅಂತ ಅಮ್ಮ. ಬೇರೆ ದಾರಿ ಇದೆಯಾ?

ಉತ್ತರ: ಇದೆ, ಮೂರ್ನಾಲ್ಕು ದಿನ ಸೇರಿಸಿ. ಡೆಹ್ರಾಡೂನ್ ಅಥವಾ ಹರಿದ್ವಾರದಲ್ಲಿ ಒಂದು ರಾತ್ರಿ ಆರಾಮಾಗಿ ಮಲಗಿ. ಆಮೇಲೆ ಊಖೀಮಠಕ್ಕೆ ಬನ್ನಿ. ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿ ಇರುವುದು ಅಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲಿ. ಅಮ್ಮನಿಗೆ ಆ ದರ್ಶನವೂ ಆಗುತ್ತದೆ. ನಮ್ಮ ಬಾಳೆಹೊನ್ನೂರಿನ ರಂಭಾಪುರಿ ಪೀಠದ ಹಾಗೆ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವೂ ಊಖೀಮಠದಲ್ಲೇ ಇದೆ, ಕೇದಾರದ ಅರ್ಚಕ ಪರಂಪರೆ ನಮ್ಮ ಕಡೆಯ ವೀರಶೈವರದ್ದು. ಅಷ್ಟು ದೂರದಲ್ಲಿ ಕನ್ನಡ ಕಿವಿಗೆ ಬಿದ್ದರೆ ಹಿರಿಯರ ಮುಖ ಹೇಗೆ ಅರಳುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಊಖೀಮಠದಿಂದ ಸುಮಾರು 30 ಕಿ.ಮೀ. ದೂರದಲ್ಲಿ ಚೋಪ್ತಾ ಇದೆ, ಸುಮಾರು 2,600 ಮೀಟರ್ ಎತ್ತರ, ಕಾರು ಹೋಗುತ್ತದೆ. ಅಲ್ಲಿ ಒಂದು ರಾತ್ರಿ ಉಳಿಯಿರಿ, ಎರಡು ರಾತ್ರಿ ಆದರೆ ಇನ್ನೂ ಒಳ್ಳೆಯದು. ತಲೆನೋವು ಬರುತ್ತದಾ, ಊಟ ಸೇರುತ್ತದಾ, ನಿದ್ದೆ ಹೇಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಏನಾದರೂ ಆದರೆ ಕಾರು ಹತ್ತಿ ಕೆಳಗೆ ಬಂದರಾಯಿತು. ಮೇಲೆ ಕೇದಾರದಲ್ಲಿ ಈ ಅನುಕೂಲ ಇಲ್ಲ. ಇದಾದ ಮೇಲೆ ಗೌರೀಕುಂಡಕ್ಕೆ ಸ್ವಲ್ಪ ಮೊದಲು ಸಿಗುವ ಸೋನ್‌ಪ್ರಯಾಗಕ್ಕೆ ಇಳಿದು ಯಾತ್ರೆ ಶುರುಮಾಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅನ್ನುವುದು ನಾವು ವೈದ್ಯರು ಹೇಳುವ ನಿಯಮ. ಕೇದಾರದ ದಾರಿಯಲ್ಲಿ ಅದನ್ನು ಪೂರ್ತಿ ಪಾಲಿಸುವುದು ಕಷ್ಟ, ಆದರೆ ಭೀಮಬಲಿಯಲ್ಲೋ ಲಿಂಚೋಲಿಯಲ್ಲೋ ಒಂದು ರಾತ್ರಿ ತಂಗಿದರೆ ಅದಕ್ಕೆ ಹತ್ತಿರವಾದರೂ ಬರಬಹುದು.

ಹೊರಡುವ ಒಂದು ತಿಂಗಳ ಮೊದಲು ಇಬ್ಬರಿಗೂ ಇಸಿಜಿ, ಬಿಪಿ, ಹಿಮೋಗ್ಲೋಬಿನ್, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಅಮ್ಮನಿಗೆ ಮೂರು ತಿಂಗಳ ಶುಗರ್ ಸರಾಸರಿಯೂ ಬೇಕು. ಎತ್ತರಕ್ಕೆ ಹೋದಾಗ ಬಿಪಿ ಸ್ವಲ್ಪ ಏರುತ್ತದೆ, ಹಾಗಾಗಿ ಅಪ್ಪ ಒಂದು ದಿನವೂ ಮಾತ್ರೆ ಬಿಡಬಾರದು.

ಅಮ್ಮನ ಇನ್ಸುಲಿನ್ ಬಗ್ಗೆ ಒಂದು ಮಾತು. ಬಿಸಿಲಿಗೆ ಇನ್ಸುಲಿನ್ ಹಾಳಾಗುತ್ತದೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಚಳಿಗೆ ಹೆಪ್ಪುಗಟ್ಟಿ ಹಾಳಾಗುತ್ತದೆ. ಬ್ಯಾಗಿನ ಹೊರಗಿನ ಜೇಬಲ್ಲಿ ಇಡಬೇಡಿ, ಸ್ವೆಟರ್ ಒಳಗೆ ಮೈಗೆ ಹತ್ತಿರ ಇಟ್ಟುಕೊಳ್ಳಲಿ. ರಾತ್ರಿ ರಜಾಯಿ ಒಳಗೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವ ಹಾಗಿಲ್ಲ. ಶುಗರ್ ನೋಡುವ ಮೆಷಿನ್ ಕೂಡ ಚಳಿಯಲ್ಲಿ ತಪ್ಪು ತೋರಿಸಬಹುದು, ಅದನ್ನೂ ಬೆಚ್ಚಗಿಡಿ.

ಇನ್ನೊಂದು, ದರ್ಶನ ಆಗುವ ತನಕ ಬಾಯಿಗೆ ಏನೂ ಹಾಕುವುದಿಲ್ಲ ಅನ್ನುವ ಪದ್ಧತಿ ನಮ್ಮ ಹಿರಿಯರಲ್ಲಿ ಇದೆ. ಶುಗರ್ ಔಷಧಿ ತೆಗೆದುಕೊಂಡು ಉಪವಾಸ ಹತ್ತಿದರೆ ಶುಗರ್ ಧಡ್ ಅಂತ ಇಳಿದು ದಾರಿಯಲ್ಲೇ ಕುಸಿದುಬಿಡುತ್ತಾರೆ. ದಯವಿಟ್ಟು ಅಮ್ಮನಿಗೆ ಈಗಲೇ ಹೇಳಿ ಒಪ್ಪಿಸಿ. ಬೆಲ್ಲ, ಹುರಿದ ಶೇಂಗಾ, ಒಗ್ಗರಣೆ ಅವಲಕ್ಕಿ ಜೊತೆಗಿರಲಿ.

ಪ್ರಶ್ನೆ (ಹೊಸನಗರದ ಯುವಕರೊಬ್ಬರು): ಮೇಡಂ, ನಾವು ಐದು ಜನ ಫ್ರೆಂಡ್ಸ್. ಎಲ್ಲರಿಗೂ 25ರ ಒಳಗೆ. ಕೊಡಚಾದ್ರಿ, ಕವಲೇದುರ್ಗ ಎಲ್ಲ ನೀರು ಕುಡಿದ ಹಾಗೆ ಹತ್ತುತ್ತೇವೆ. ಗೌರೀಕುಂಡದಿಂದ ಒಂದೇ ದಿನದಲ್ಲಿ ಹತ್ತಿ, ಮರುದಿನ ಇಳಿಯೋದು. ನಮಗೂ ಇದೆಲ್ಲ ಬೇಕಾ?

ಉತ್ತರ: ಬೇಕು ತಮ್ಮಾ. ಕೊಡಚಾದ್ರಿ ಹತ್ತಿದರೆ ಕಾಲು ಗಟ್ಟಿಯಾಗುತ್ತದೆ, ದಮ್ಮು ಬರುತ್ತದೆ, ಅದು ಒಳ್ಳೆಯ ತಯಾರಿಯೇ. ಆದರೆ ಕಡಿಮೆ ಆಮ್ಲಜನಕಕ್ಕೆ ಅದು ನಿಮ್ಮನ್ನು ತಯಾರು ಮಾಡುವುದಿಲ್ಲ, ಆ ಎತ್ತರ ನಮ್ಮಲ್ಲಿ ಇಲ್ಲವೇ ಇಲ್ಲ. ಗಟ್ಟಿಮುಟ್ಟಾದ ಹುಡುಗರು ಬೇಗ ಬೇಗ ಹತ್ತುತ್ತಾರೆ, ಅದಕ್ಕೇ ಅವರಿಗೆ ತೊಂದರೆ ಆಗುವುದನ್ನೂ ನೋಡುತ್ತೇವೆ.

2019ರ ಅಕ್ಟೋಬರ್‌ನಲ್ಲಿ ನಾನು ಅತ್ತೆಯವರ ಜೊತೆ ಹೋಗಿದ್ದೆ. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗ ಎಲ್ಲರಿಗಿಂತ ಮೂರು ಗಂಟೆ ಮೊದಲೇ ಮೇಲೆ ಮುಟ್ಟಿದ್ದ. ಸಂಜೆ ತಲೆನೋವು ಅಂದ. ಸುಸ್ತಿಗೆ ಇರಬೇಕು ಅಂತ ಮಾತ್ರೆ ನುಂಗಿ ಮಲಗಿದ. ರಾತ್ರಿ ಎರಡು ಗಂಟೆಗೆ ಅವನ ಅಣ್ಣ ನನ್ನ ಬಾಗಿಲು ತಟ್ಟಿದರು. ಹುಡುಗ ಎರಡು ಸಲ ವಾಂತಿ ಮಾಡಿದ್ದ, ನಿಂತರೆ ಕುಡಿದವರ ಹಾಗೆ ವಾಲುತ್ತಿದ್ದ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ. ಅದು ಮಿದುಳಿಗೆ ಬಾವು ಬರುತ್ತಿರುವ ಲಕ್ಷಣ. ವೈದ್ಯಕೀಯ ಶಿಬಿರದಲ್ಲಿ ಆಮ್ಲಜನಕ, ಇಂಜೆಕ್ಷನ್ ಕೊಡಿಸಿ, ಬೆಳಕು ಹರಿಯುತ್ತಿದ್ದ ಹಾಗೆ ಹೊತ್ತುಕೊಂಡು ಇಳಿಸಿದರು. ಗೌರೀಕುಂಡ ಮುಟ್ಟುವ ಹೊತ್ತಿಗೆ ಅವನು ಚಹಾ ಕೇಳಿದ. ಆ ರಾತ್ರಿ ನನಗೆ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಐದೂ ಜನ ಇದನ್ನು ನೆನಪಿಟ್ಟುಕೊಳ್ಳಿ. ಆ ಎತ್ತರದಲ್ಲಿ ತಲೆನೋವಿನ ಜೊತೆ ವಾಕರಿಕೆ, ಊಟ ಬೇಡ ಅನ್ನಿಸುವುದು, ವಿಪರೀತ ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದು ಸೇರಿದರೂ ಅದು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಅಲ್ಲೇ ನಿಲ್ಲಿ, ಇನ್ನೂ ಮೇಲೆ ಹತ್ತಬೇಡಿ. ಕೂತಲ್ಲೇ ಏದುಸಿರು, ಕೆಮ್ಮಿದರೆ ನೊರೆ ಅಥವಾ ಗುಲಾಬಿ ಬಣ್ಣದ ಕಫ, ನಡೆಯುವಾಗ ವಾಲುವುದು, ಮಾತು ತಡವರಿಸುವುದು ಕಂಡರೆ ಬೆಳಗಾಗಲಿ ಅಂತ ಕಾಯದೆ ಶಿಬಿರಕ್ಕೆ ಕರೆದೊಯ್ಯಿರಿ, ಆದಷ್ಟು ಬೇಗ ಕೆಳಗಿಳಿಸಿ. ಇಳಿಸುವುದೇ ಔಷಧಿ, ಉಳಿದದ್ದೆಲ್ಲ ಇಳಿಸುವ ತನಕ ಜೀವ ಹಿಡಿಯಲು. ಯಾರೂ ಒಬ್ಬರೇ ಮುಂದೆ ಓಡಬೇಡಿ. ಮತ್ತೆ ಎಣ್ಣೆ, ನಿದ್ದೆ ಮಾತ್ರೆ ಎರಡೂ ಬೇಡ, ರಾತ್ರಿಯ ಉಸಿರಾಟವನ್ನು ಅವು ಇನ್ನೂ ನಿಧಾನ ಮಾಡುತ್ತವೆ.

ಪ್ರಶ್ನೆ (ಸಾಗರದಿಂದ): ಮೇಡಂ, ಪಚ್ಚಕರ್ಪೂರ ಮೂಸುತ್ತಾ ಹೋದರೆ ಆಕ್ಸಿಜನ್ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಣ್ಣ ಆಕ್ಸಿಜನ್ ಡಬ್ಬಿಯೂ ಆನ್‌ಲೈನ್‌ನಲ್ಲಿ ಸಿಗುತ್ತೆ. ತಗೊಳ್ಳಬಹುದಾ? ಡೈಮಾಕ್ಸ್ ಮಾತ್ರೆ ಅಂತಲೂ ಕೇಳಿದೆ.

ಉತ್ತರ: ಕರ್ಪೂರದಿಂದ ಮೂಗು ತೆರೆದ ಹಾಗೆ ಅನ್ನಿಸುತ್ತದೆ, ರಕ್ತದಲ್ಲಿ ಆಮ್ಲಜನಕ ಏರುವುದಿಲ್ಲ. ಮನಸ್ಸಿಗೆ ಸಮಾಧಾನ ಆದರೆ ಇಟ್ಟುಕೊಳ್ಳಿ, ಆದರೆ ಅದನ್ನು ನಂಬಿ ಮೇಲೆ ಹತ್ತಬೇಡಿ. ಸಣ್ಣ ಡಬ್ಬಿಯೂ ಕೆಲವೇ ನಿಮಿಷಕ್ಕೆ ಖಾಲಿ. ಆ ದುಡ್ಡಿಗೆ ಬೆರಳಿಗೆ ಹಾಕುವ ಆಕ್ಸಿಮೀಟರ್ ತಗೊಳ್ಳಿ. ಕೇದಾರದಲ್ಲಿ 85ರಿಂದ 90 ತೋರಿಸಿದರೆ ಗಾಬರಿ ಬೇಡ, ಆ ಎತ್ತರಕ್ಕೆ ಅದು ಸಹಜ. ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ನೋಡಿ. ಸಂಖ್ಯೆಗಿಂತ ಮನುಷ್ಯ ಹೇಗಿದ್ದಾರೆ ಅನ್ನುವುದು ಮುಖ್ಯ. ಜೊತೆಯವರಿಗಿಂತ ಒಬ್ಬರದ್ದು ಬಹಳ ಕಡಿಮೆ ಇದ್ದು ಅವರಿಗೆ ಸಂಕಟವೂ ಇದ್ದರೆ ಇಳಿಸಿ.

ಡೈಮಾಕ್ಸ್ ಅಂದರೆ ಅಸಿಟಾಜೋಲಮೈಡ್. ಅದು ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಹತ್ತುವ ಹಿಂದಿನ ದಿನದಿಂದ 125 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುತ್ತೇವೆ. ಆದರೆ ಅಂಗಡಿಯಲ್ಲಿ ಸುಮ್ನೆ ಕೇಳಿ ತಗೊಳ್ಳಬೇಡಿ. ಸಲ್ಫಾ ಔಷಧಿ ಆಗದವರು, ಕಿಡ್ನಿ ತೊಂದರೆ ಇರುವವರು, ಬಿಪಿಗೆ ಮೂತ್ರದ ಮಾತ್ರೆ ನುಂಗುವವರು ಮೊದಲು ತಮ್ಮ ಡಾಕ್ಟರ್ ಹತ್ತಿರ ಮಾತಾಡಬೇಕು. ಬೆರಳು ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರ ಬರುತ್ತದೆ, ಅದಕ್ಕೆ ಹೆದರಬೇಡಿ. ಮಾತ್ರೆ ತಗೊಂಡಿದ್ದೇನೆ ಅಂತ ಅವಸರ ಮಾಡುವುದೂ ಬೇಡ.

ಪ್ರಶ್ನೆ (ಶಿವಮೊಗ್ಗದಿಂದ): ಅಕ್ಕಾ, ನನಗೆ 54, ಮಂಡಿ ನೋವಿದೆ, ಸ್ವಲ್ಪ ಉಬ್ಬಸವೂ ಇದೆ. ಕುದುರೆ ಮೇಲೆ ಹೋಗಬಹುದಾ? ಜುಲೈನಲ್ಲಿ ರಶ್ ಕಡಿಮೆ ಅಂತಾರೆ, ನಮಗೆ ಮಳೆ ಏನೂ ಹೊಸದಲ್ಲ ಅಲ್ವಾ?

ಉತ್ತರ: ಜುಲೈ, ಆಗಸ್ಟ್ ಬೇಡ. ನಮ್ಮ ಆಗುಂಬೆ ಮಳೆಯನ್ನು ಕಾಡು, ಬೇರು ಹಿಡಿದುಕೊಳ್ಳುತ್ತವೆ. ಅಲ್ಲಿ ಗುಡ್ಡವೇ ಸಡಿಲ, ಮಳೆ ಬಂದರೆ ಕಲ್ಲು ಮಣ್ಣು ಜೊತೆಗೇ ಬರುತ್ತದೆ. 2013ರ ಜೂನ್‌ನಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು, ದಾರಿಯಲ್ಲಿದ್ದ ರಾಂಬಾಡಾ ಊರೇ ಕೊಚ್ಚಿಹೋಯಿತು. 2024ರ ಜುಲೈ 31ರ ರಾತ್ರಿಯ ಮಳೆಗೂ ನಡಿಗೆ ದಾರಿ ಅಲ್ಲಲ್ಲಿ ಕಿತ್ತುಹೋಗಿ ಸಾವಿರಾರು ಜನ ಸಿಕ್ಕಿಹಾಕಿಕೊಂಡಿದ್ದರು. ಮೇ, ಜೂನ್‌ನಲ್ಲಿ ಜನ ವಿಪರೀತ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ನನ್ನ ಆಯ್ಕೆ. ದೀಪಾವಳಿ ಮುಗಿದ ಮೇಲೆ, ಯಮದ್ವಿತೀಯದ ದಿನ ಬಾಗಿಲು ಹಾಕುತ್ತಾರೆ.

ಕುದುರೆ ಆಗುತ್ತದೆ, ಆದರೆ ಕೂತವರಿಗೆ ನಡೆಯುವವರಿಗಿಂತ ಜಾಸ್ತಿ ಚಳಿ, ಕಾಲು ಮರಗಟ್ಟಿಬಿಡುತ್ತದೆ. ಉಣ್ಣೆ ಕಾಲುಚೀಲ, ಕೈಗವಸು, ಕಿವಿ ಮುಚ್ಚುವ ಟೋಪಿ ಹಾಕಿಕೊಳ್ಳಿ. ಹತ್ತುವಾಗ ಮುಂದಕ್ಕೆ ಬಾಗಿ, ಇಳಿಯುವಾಗ ಹಿಂದಕ್ಕೆ ವಾಲಿ ಕೂರಬೇಕು. ಬೆನ್ನು ನೋವಿದ್ದರೆ ನಾಲ್ಕು ಜನ ಹೊರುವ ಡೋಲಿ ವಾಸಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಒಂದು ಕಡೆ ಮಾತ್ರ ನಡೆಯುವುದಾದರೆ ಹತ್ತುವಾಗ ನಿಧಾನ ನಡೆಯಿರಿ, ಇಳಿಯುವಾಗ ಡೋಲಿ ಹಿಡಿಯಿರಿ. ಉಬ್ಬಸದ ಪಂಪ್ ಎರಡು ಇರಲಿ, ಒಂದು ಜೇಬಲ್ಲಿ, ಇನ್ನೊಂದು ಜೊತೆಯವರ ಹತ್ತಿರ. ತಣ್ಣನೆ ಗಾಳಿ ನೇರ ಒಳಗೆ ಹೋಗದ ಹಾಗೆ ಮೂಗಿಗೆ ಮಫ್ಲರ್ ಸುತ್ತಿಕೊಳ್ಳಿ. ಕೊಡೆ ಆ ಗಾಳಿಗೆ ನಿಲ್ಲುವುದಿಲ್ಲ, ನಮ್ಮ ಗದ್ದೆಯ ಪ್ಲಾಸ್ಟಿಕ್ ಕೊಪ್ಪೆ ಥರದ ಉದ್ದನೆಯ ರೇನ್‌ಕೋಟ್ ಒಳ್ಳೆಯದು.

ಹಾಂ, ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಕಡ್ಡಾಯ. ಅದರಲ್ಲಿ ನಿಮ್ಮ ಕಾಯಿಲೆ ಮುಚ್ಚಿಡಬೇಡಿ. ಹೆಲಿಕಾಪ್ಟರ್ ಟಿಕೆಟ್ ಐಆರ್‌ಸಿಟಿಸಿಯ ಹೆಲಿಯಾತ್ರಾದಲ್ಲಿ ಮಾತ್ರ ಮಾಡಿ, ನಕಲಿ ಜಾಲತಾಣಗಳಿಗೆ ದುಡ್ಡು ಹಾಕಿ ಕಳೆದುಕೊಂಡವರು ಇದ್ದಾರೆ.

ತೀರ್ಥಹಳ್ಳಿಯಿಂದ: ಡಾಕ್ಟ್ರಮ್ಮ, ಅಪ್ಪ ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಟೂರಿನವರ ಪ್ಲಾನ್ ಬಿಟ್ಟೆವು. ಈಗ ಹತ್ತು ದಿನ ಇಟ್ಟುಕೊಂಡಿದ್ದೇವೆ, ಚೋಪ್ತಾದಲ್ಲಿ ಎರಡು ರಾತ್ರಿ. ತೋಟ ನೋಡಿಕೊಳ್ಳಲು ಚಿಕ್ಕಪ್ಪ ಒಪ್ಪಿದ್ದಾರೆ. ಅಮ್ಮ ಮಾತ್ರ ಒಂದು ಕೇಳ್ತಿದ್ದಾರೆ. ಅಷ್ಟು ದೂರ ಹೋಗಿ ಲಿಂಚೋಲಿಯಿಂದ ವಾಪಸ್ ಬರಬೇಕಾಗಿ ಬಂದರೆ ಯಾತ್ರೆ ಆದ ಹಾಗೆ ಆಗುತ್ತದಾ ಅಂತ.

ಉತ್ತರ: ಅಮ್ಮನಿಗೆ ನನ್ನ ಅತ್ತೆಯವರ ಕಥೆ ಹೇಳಿ. ಅವರಿಗೆ ಲಿಂಚೋಲಿ ಹತ್ತಿರ ವಾಂತಿ ಶುರುವಾಯಿತು, ಇನ್ನು ನಾಲ್ಕೈದು ಕಿಲೋಮೀಟರ್ ಮಾತ್ರ ಇತ್ತು. ನಾನು ಇಳಿಯೋಣ ಅಂದೆ, ಅವರು ಅತ್ತುಬಿಟ್ಟರು. ಅಲ್ಲೇ ಒಂದು ಬಂಡೆ ಪಕ್ಕ ಮೇಲಿನ ಹಿಮದ ಬೆಟ್ಟಕ್ಕೆ ಕೈಮುಗಿದು, ಮನೆಯಿಂದ ತಂದಿದ್ದ ಬಿಲ್ವಪತ್ರೆಯನ್ನು ನನ್ನ ಕೈಗಿಟ್ಟು, "ನೀನು ಹೋಗಿ ಏರಿಸಿ ಬಾ" ಅಂತ ನನ್ನ ಗಂಡನ ಜೊತೆ ಕೆಳಗಿಳಿದರು. ಮುಂದಿನ ವರ್ಷಗಳಲ್ಲಿ ಕೊರೊನಾ ಬಂತು. 2022ರಲ್ಲಿ, 71ನೇ ವಯಸ್ಸಿಗೆ, ಚೋಪ್ತಾದಲ್ಲಿ ಎರಡು ರಾತ್ರಿ ಇದ್ದು, ಡೋಲಿಯಲ್ಲಿ ಮೇಲೆ ಹೋಗಿ ತಾವೇ ಪತ್ರೆ ಏರಿಸಿದರು.

ಅಮ್ಮನ ರಕ್ತಪರೀಕ್ಷೆಯ ವರದಿ ಬಂದ ಮೇಲೆ ನನಗೆ ಕಳಿಸಿ. ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು ಅಂತ ಅವರನ್ನು ನೋಡುವ ಡಾಕ್ಟರ್ ಜೊತೆ ಮಾತಾಡಿ ನಿರ್ಧರಿಸೋಣ.