ಯುದ್ಧಟ್ಯಾಂಕಿನ 27 ಲೀಟರ್ ಇಂಜಿನ್ ಕಾರಿಗೆ: ಗೇರ್‌ಬಾಕ್ಸ್, ಆಕ್ಸಲ್ ಲೆಕ್ಕ ಹೇಗೆ?

ಪ್ರಶ್ನೆ — ಚಾಸಿ_ಯಶವಂತಪುರ

ಎಲ್ಲರಿಗೂ ನಮಸ್ಕಾರ. ಯುದ್ಧಟ್ಯಾಂಕಿನ ರೋಲ್ಸ್ ರಾಯ್ಸ್ ಮೀಟಿಯರ್ ಇಂಜಿನ್ ಇಟ್ಟುಕೊಂಡು ಎರಡು ಸೀಟಿನ ಕಾರೊಂದರ ಚಾಸಿ ಡ್ರಾಯಿಂಗ್ ನಡೀತಿದೆ. ವಿ12, 27 ಲೀಟರ್, 2550 ಆರ್‌ಪಿಎಂನಲ್ಲಿ 600 ಎಚ್‌ಪಿ. ಟೈರ್ ವ್ಯಾಸ 70 ಸೆಂ.ಮೀ. ಇಷ್ಟು ಟಾರ್ಕ್ ತಡೆಯೋಕೆ ಲಾರಿ ಗೇರ್‌ಬಾಕ್ಸ್, ಲಾರಿ ಹೌಸಿಂಗ್ (ಹಿಂದಿನ ಆಕ್ಸಲ್) ಹಾಕಿಬಿಡಿ ಅಂತ ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲರೂ ಹೇಳ್ತಾರೆ. ಸರಿಯೇ? ಸ್ಟಾರ್ಟಿಂಗ್, ಕೂಲಿಂಗ್ ವಿಷಯದಲ್ಲಿ ಮೊದಲೇ ಗಮನಿಸಬೇಕಾದ್ದು ಏನಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ — ಪೀಣ್ಯ_ಹಾಬಿಂಗ್

ಲಾರಿ ಹೌಸಿಂಗ್ ಬೇಡ ಸರ್. ಅದು ಮುರಿಯಲ್ಲ, ನಿಜ. ಆದರೆ ಕಾರು ಓಡಲ್ಲ. ಲೆಕ್ಕ ಹಾಕಿ ನೋಡಿ: 70 ಸೆಂ.ಮೀ. ಟೈರ್ ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತೆ. ಲಾರಿಯ ಕ್ರೌನು-ಪಿನಿಯನ್ (ಆಕ್ಸಲ್ ಒಳಗಿನ ಗೇರು ಜೋಡಿ) 6:1 ಹತ್ತಿರ ಇದ್ದರೆ, ಟಾಪ್ ಗೇರಿನಲ್ಲಿ 2550 ಆರ್‌ಪಿಎಂಗೆ ಚಕ್ರ ತಿರುಗೋದು 425 ಸಲ. ಗಂಟೆಗೆ 56 ಕಿ.ಮೀ., ಅಷ್ಟೇ. ಕಾರಿನ 3.07 ಆಕ್ಸಲ್ ಹಾಕಿದರೂ 110 ದಾಟಲ್ಲ. ಈ ಇಂಜಿನ್‌ಗೆ ಶಕ್ತಿಯ ಕೊರತೆ ಇಲ್ಲ, ಇರೋದು ಸುತ್ತಿನ ಕೊರತೆ.

ಟಾರ್ಕ್ ಕಡೆಯಿಂದ ನೋಡಿ. 600 ಎಚ್‌ಪಿ ಅಂದರೆ 447 ಕಿಲೋವ್ಯಾಟ್. 2550ರಲ್ಲಿ ಅದು 1675 ನ್ಯೂಟನ್ ಮೀಟರ್ ಆಗುತ್ತೆ, ಕೆಳಗಿನ ಸುತ್ತಿನಲ್ಲಿ ಇನ್ನೂ ಜಾಸ್ತಿ. ಅದನ್ನ ನೇರವಾಗಿ ಗೇರ್‌ಬಾಕ್ಸಿಗೆ ಕೊಟ್ಟು ಮೊದಲ ಗೇರ್ 2.5 ಇಟ್ಟರೆ ಪ್ರೊಪೆಲ್ಲರ್ ಶಾಫ್ಟಿನ ಮೇಲೆ 4200 ಬೀಳುತ್ತೆ. ಆದ್ದರಿಂದ ಇಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಸ್ಟೆಪ್-ಅಪ್ ಬಾಕ್ಸ್, ಅಂದರೆ ಸುತ್ತು ಹೆಚ್ಚಿಸೋ ಗೇರು ಡಬ್ಬಿ, ಬೇಕು. ಸುತ್ತು ದುಪ್ಪಟ್ಟಾದರೆ ಟಾರ್ಕ್ ಅರ್ಧಕ್ಕಿಳಿಯುತ್ತೆ. ಒಂದೇ ಏಟಿಗೆ ಎರಡೂ ತೊಂದರೆ ತೀರುತ್ತವೆ.

ಆ ಬಾಕ್ಸಿನ ಎರಡು ಗೇರಿಗೆ 51 ಮತ್ತು 26 ಹಲ್ಲು ಇಡಿ. ಸರಿಯಾಗಿ 2:1 ಮಾಡಬೇಡಿ, ಮಾಡಿದರೆ ಅದದೇ ಹಲ್ಲುಗಳು ಪದೇ ಪದೇ ಸೇರಿ ಒಂದೇ ಜಾಗ ಸವೆಯುತ್ತೆ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 5, ಹಲ್ಲಿನ ಅಗಲ 60 ಮಿ.ಮೀ., ಸ್ಪರ್ (ನೇರ ಹಲ್ಲಿನ) ಲೆಕ್ಕದಲ್ಲಿ ಸೆಂಟರ್ ದೂರ 192.5 ಮಿ.ಮೀ. ಆಗ ಔಟ್‌ಪುಟ್ 5000 ಆರ್‌ಪಿಎಂ, 854 ನ್ಯೂಟನ್ ಮೀಟರ್. ಅದೇ 3.07 ಆಕ್ಸಲ್‌ನಲ್ಲಿ 215 ಕಿ.ಮೀ. ವೇಗ ಬರುತ್ತೆ, 80ರಲ್ಲಿ ಹೋಗುವಾಗ ಇಂಜಿನ್ 950ರಲ್ಲಿ ತಿರುಗುತ್ತಿರುತ್ತೆ. 854 ಕೂಡ ಸಣ್ಣದಲ್ಲ, ಬಲಪಡಿಸಿದ ಗೇರ್‌ಬಾಕ್ಸೇ ಬೇಕು. ಆದರೆ ಅಂಥದ್ದು ಸಿಗುತ್ತೆ. ಕ್ಲಚ್ಚನ್ನ ಸ್ಟೆಪ್-ಅಪ್ ಆದಮೇಲೆ ಇಡಿ, ಅದಕ್ಕೂ ಅರ್ಧ ಟಾರ್ಕೇ ಬೀಳುತ್ತೆ.

ಕೆಡೋದು ಎಲ್ಲಿ ಅಂದರೆ ಹಲ್ಲಿನ ವೇಗದಲ್ಲಿ. 255 ಮಿ.ಮೀ. ಗೇರು 2550ರಲ್ಲಿ ತಿರುಗಿದರೆ ಪಿಚ್ ಲೈನ್ (ಹಲ್ಲು ಸೇರೋ ವೃತ್ತದ) ವೇಗ ಸೆಕೆಂಡಿಗೆ 34 ಮೀಟರ್. ಪೀಣ್ಯದ ವರ್ಕ್‌ಶಾಪಿನಲ್ಲಿ ಹಾಬ್ ಮಾಡಿ (ಹಲ್ಲು ಕತ್ತರಿಸಿ), ಹಾರ್ಡನಿಂಗ್‌ಗೆ ಕೊಟ್ಟು, ಹಾಗೇ ತಂದು ಜೋಡಿಸಿದ ಗೇರು ಈ ವೇಗದಲ್ಲಿ ಚೀರುತ್ತೆ, ಆಮೇಲೆ ಹಲ್ಲಿನ ಮೈ ಗುಳಿ ಬೀಳುತ್ತೆ. 20 ಎಂಎನ್‌ಸಿಆರ್ 5 ಸ್ಟೀಲ್, ಕೇಸ್ (ಗಟ್ಟಿಯಾದ ಮೇಲ್ಪದರ) ಆಳ 0.8ರಿಂದ 1 ಮಿ.ಮೀ., ಹಾರ್ಡನಿಂಗ್ ಆದಮೇಲೆ ಹಲ್ಲು ಗ್ರೈಂಡಿಂಗ್ ಕಡ್ಡಾಯ, ಡಿನ್ 6 (ಜರ್ಮನ್ ಮಾನದಂಡದ) ನಿಖರತೆ ದರ್ಜೆ. ಹೆಲಿಕಲ್ (ಓರೆ ಹಲ್ಲು) ಮಾಡಿದರೆ ಸದ್ದು ಕಮ್ಮಿ, ಆದರೆ ಅಡ್ಡ ಒತ್ತಡಕ್ಕೆ ಬೇರಿಂಗ್ ಕೊಡಬೇಕು. ಗೇರು ಆಯಿಲ್‌ನಲ್ಲಿ ಮುಳುಗಿ ಚಿಮ್ಮಿಸೋ ಪದ್ಧತಿ ನಡೆಯಲ್ಲ. ಹಲ್ಲು ಸೇರೋ ಜಾಗಕ್ಕೆ ಪಂಪಿನಿಂದ ಸ್ಪ್ರೇ ಬೇಕು. ನಷ್ಟ 1.5% ಅಂತ ಹಿಡಿದರೂ ಫುಲ್ ಪವರ್‌ನಲ್ಲಿ ಆ ಪುಟ್ಟ ಡಬ್ಬಿಯೊಳಗೆ 6.7 ಕಿಲೋವ್ಯಾಟ್ ಬಿಸಿ ಹುಟ್ಟುತ್ತೆ. ಬೇರೆ ಆಯಿಲ್ ಕೂಲರ್ ಇಡಿ.

ಇನ್ನೊಂದು, ಇದನ್ನ ಮರೆತವರು ಬಾಕ್ಸ್ ಪೂರ್ತಿ ಮತ್ತೆ ಮಾಡಿಸಬೇಕಾಗುತ್ತೆ: ತಿರುಗೋ ದಿಕ್ಕು. ವಿಮಾನದ ಮರ್ಲಿನ್‌ನಿಂದ ಟ್ಯಾಂಕಿನ ಮೀಟಿಯರ್ ಮಾಡುವಾಗ ದಿಕ್ಕನ್ನೇ ತಿರುಗಿಸಿದರು. ಎರಡು ಗೇರು ಸೇರಿದರೆ ದಿಕ್ಕು ಮತ್ತೆ ಬದಲಾಗುತ್ತೆ. ಇಂಜಿನ್ ಕೈಯಲ್ಲಿ ತಿರುಗಿಸಿ ನೋಡಿ, ಬಾಣದ ಗುರುತು ಹಾಕಿ, ಆಮೇಲೆ ಎರಡು ಗೇರೋ, ನಡುವೆ ಐಡ್ಲರೋ (ದಿಕ್ಕು ಬದಲಿಸೋ ಮೂರನೇ ಗೇರು), ಚೈನೋ ಅಂತ ತೀರ್ಮಾನ ಮಾಡಿ. ಆಕ್ಸಲ್ ತಲೆಕೆಳಗು ಮಾಡಿ ಸರಿಪಡಿಸ್ತೀವಿ ಅಂದರೆ, ಆಟೋಮ್ಯಾಟಿಕ್ ಬಾಕ್ಸ್ ಹಾಕಿದ್ದರೆ ಅದರ ಆಯಿಲ್ ಪಂಪ್ ಉಲ್ಟಾ ತಿರುಗಿ ಪ್ರೆಷರ್ರೇ ಬರಲ್ಲ.

ಉತ್ತರ — ಜಾಲಹಳ್ಳಿ_ಪಿಸ್ಟನ್

ಗೇರಿನ ಮಾತು ಮೇಲೆ ಬಂತು. ಇಂಗ್ಲೆಂಡಿನ ಪಾಲ್ ಜೇಮ್ಸನ್ ಮೀಟಿಯರ್ ಇಟ್ಟು ಕಟ್ಟಿದ ಚಾಸಿ ಕೊನೆಗೆ ಓಡುವ ಕಾರಾಗಿದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಜ್ಞ ಜಾನ್ ಡಾಡ್ ಕೈಗೆ ಬಂದ ಮೇಲೆ.

ನಾನು ಸ್ಟಾರ್ಟಿಂಗ್ ಬಗ್ಗೆ ಹೇಳ್ತೀನಿ. ವರ್ಷಗಟ್ಟಲೆ ನಿಂತ ಇಂಜಿನ್‌ಗೆ ನೇರ ಸೆಲ್ಫ್ ಹೊಡೆಯಲೇಬೇಡಿ. ಪ್ರತಿ ಸಿಲಿಂಡರಿಗೆ ಎರಡರಂತೆ 24 ಪ್ಲಗ್ ಇವೆ. ಸಿಲಿಂಡರಿಗೊಂದರಂತೆ 12 ಬಿಚ್ಚಿ, ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಲೈನರ್ ಸೀಲ್ ಸೋರಿ ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಪ್ಲಗ್ ತೂತಿನಿಂದ ಆಚೆ ಬರುತ್ತೆ. ಬಿಚ್ಚದೆ ಸೆಲ್ಫ್ ಹೊಡೆದರೆ ನೀರು ಒತ್ತಿ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ.

ಆಮೇಲೆ ಆಯಿಲ್. ಡ್ರೈ ಸಂಪ್ ಇಂಜಿನ್ ಇದು, ಆಯಿಲ್ ಹೊರಗಿನ ಟ್ಯಾಂಕಿನಲ್ಲಿರುತ್ತೆ. ನಿಂತಾಗ ಬೇರಿಂಗ್ ಒಣಗಿರುತ್ತವೆ. ಸಣ್ಣ ಎಲೆಕ್ಟ್ರಿಕ್ ಪಂಪಿನಿಂದ ಮುಖ್ಯ ಗ್ಯಾಲರಿಗೆ (ಬೇರಿಂಗ್‌ಗಳಿಗೆ ಆಯಿಲ್ ಹೋಗೋ ನಾಳಕ್ಕೆ) ಆಯಿಲ್ ತುಂಬಿ, ಗೇಜಿನಲ್ಲಿ ಪ್ರೆಷರ್ ಕಂಡ ಮೇಲೆ ಸೆಲ್ಫ್. ಪ್ರತಿ ಸಲವೂ ಹೀಗೇ. ಆಯಿಲ್ ಟ್ಯಾಂಕನ್ನ ಪಂಪಿಗಿಂತ ಎತ್ತರದಲ್ಲಿಟ್ಟರೆ ರಾತ್ರಿ ಆಯಿಲ್ ಇಂಜಿನ್ನಿಗೆ ಇಳಿದು ತುಂಬಿಕೊಳ್ಳುತ್ತೆ, ನಡುವೆ ವಾಲ್ವ್ ಬೇಕು. ವಾಲ್ವ್ ಮುಚ್ಚಿದ್ದರೆ ಇಗ್ನಿಷನ್ ಬರದಂತೆ ಸ್ವಿಚ್ ಜೋಡಿಸಿ. ಇದೊಂದು ಸ್ವಿಚ್ ಇಲ್ಲದೆ ಇಂಜಿನ್ ಹಾಳಾಗೋದು ಬಹಳ ಸುಲಭ.

ಕಂಪ್ರೆಷನ್ 6:1, ಹಾಗಾಗಿ ಬಂಕಿನ ಪೆಟ್ರೋಲ್ ಸಾಕು. ಆದರೆ ಈಗಿನ ಇ20ಗೆ (20% ಎಥೆನಾಲ್ ಬೆರೆಸಿದ ಪೆಟ್ರೋಲ್) ಹಳೇ ರಬ್ಬರ್, ಕಾರ್ಕ್ ಗ್ಯಾಸ್ಕೆಟ್ ತಡೆಯಲ್ಲ, ಎಲ್ಲ ಬದಲಾಯಿಸಿ. ಬೆಂಗಳೂರು 900 ಮೀಟರಿಗಿಂತ ಎತ್ತರ. ಸೂಪರ್‌ಚಾರ್ಜರ್ ಇಲ್ಲದ ಮೀಟಿಯರ್‌ಗೆ ಇಲ್ಲಿ ಗಾಳಿ ಸುಮಾರು 10% ಕಮ್ಮಿ ಸಿಗುತ್ತೆ. ಇಲ್ಲಿ 540 ಎಚ್‌ಪಿ ಅಂತ ಲೆಕ್ಕ ಇಡಿ, ಕಾರ್ಬ್ಯುರೇಟರ್ ಜೆಟ್ ಒಂದು ಮೆಟ್ಟಿಲು ಚಿಕ್ಕದು ಮಾಡಿ, ಇಲ್ಲವಾದರೆ ಪ್ಲಗ್ ಕಪ್ಪಾಗುತ್ತವೆ.

ಚಾಸಿ_ಯಶವಂತಪುರ

ಇಬ್ಬರಿಗೂ ತುಂಬಾ ಧನ್ಯವಾದ. ಸ್ಟೆಪ್-ಅಪ್ ಬಾಕ್ಸ್ ಡ್ರಾಯಿಂಗಿಗೆ ಸೇರಿಸ್ತೀನಿ. ಟಿ-55 ಟ್ಯಾಂಕಿನ ಡೀಸೆಲ್ ಇದಕ್ಕಿಂತ ವಾಸಿನಾ?

ಉತ್ತರ — ಪೀಣ್ಯ_ಹಾಬಿಂಗ್

ಕಾರಿಗೆ ಬೇಡ. 38.8 ಲೀಟರ್, 580 ಎಚ್‌ಪಿ, ಅದೂ 2000 ಆರ್‌ಪಿಎಂಗೆ. ಟಾರ್ಕ್ 2000 ದಾಟುತ್ತೆ, ಸುತ್ತು ಇನ್ನೂ ಕಮ್ಮಿ. ಮೇಲಿನ ಕಷ್ಟಗಳೆಲ್ಲ ಹೆಚ್ಚಾಗ್ತವೆ.

ಉತ್ತರ — ಹಲಸೂರು_ರೇಡಿಯೇಟರ್

ಕೂಲಿಂಗ್: ಫುಲ್ ಪವರ್ ಲೆಕ್ಕಕ್ಕೆ ರೇಡಿಯೇಟರ್ ಮಾಡಿದರೆ ಬಾನೆಟ್ಟಿನೊಳಗೆ ಹಿಡಿಸಲ್ಲ. ಗಂಟೆಗೆ 80 ಕಿ.ಮೀ.ನಲ್ಲಿ ಹೋಗೋಕೆ ಬೇಕಾಗೋದು ಆ ಶಕ್ತಿಯ ಸಣ್ಣ ಪಾಲು. ನಿಜವಾದ ಪರೀಕ್ಷೆ ನಿಂತಾಗ. ಎರಡು ದೊಡ್ಡ ಎಲೆಕ್ಟ್ರಿಕ್ ಫ್ಯಾನ್, ಸುತ್ತ ಶ್ರೌಡ್ (ಗಾಳಿ ಸೋರದಂತೆ ಮುಚ್ಚೋ ಕವಚ) ಬಿಗಿಯಾಗಿ ಕೂರಿಸಿ. ಎರಡೂ ಬ್ಲಾಕಿನ ತುತ್ತತುದಿಯಿಂದ ಗಾಳಿ ಬಿಡುವ ಪೈಪ್ ಹೆಡರ್ ಟ್ಯಾಂಕಿಗೆ (ಎತ್ತರದಲ್ಲಿಡೋ ನೀರಿನ ಟ್ಯಾಂಕ್) ಎಳೆಯಿರಿ. ಗಾಳಿ ಒಂದು ಬ್ಲಾಕಿನಲ್ಲಿ ಸಿಕ್ಕಿಕೊಂಡರೆ ಗೇಜು ಸರಿ ತೋರಿಸುತ್ತಲೇ ಹೆಡ್ ಬಿರುಕು ಬಿಡುತ್ತೆ. ಟೆಂಪರೇಚರ್ ಸೆನ್ಸರ್ ಪ್ರತಿ ಬ್ಲಾಕಿಗೆ ಬೇರೆ ಬೇರೆ.

ಬ್ರೇಕಿಗೂ ಇಷ್ಟೇ ಗಮನ ಕೊಡಿ. 1935ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 230.84 ಕಿ.ಮೀ. ವೇಗದ ಸುತ್ತು ಹಾಕಿದ ನೇಪಿಯರ್-ರೇಲ್ಟನ್‌ಗೆ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕಿತ್ತು, ಅದು ಟ್ರ್ಯಾಕಿನ ಕಾರು. ಮರ್ಲಿನ್ 61 ಒಂದೇ 744 ಕೆ.ಜಿ.; ಮೀಟಿಯರ್‌ಗೆ ಸೂಪರ್‌ಚಾರ್ಜರ್, ರಿಡಕ್ಷನ್ ಗೇರ್ ಇಲ್ಲದಿದ್ದರೂ ಮುಂದಿನ ಸ್ಪ್ರಿಂಗ್, ಬ್ರೇಕ್ ಎರಡನ್ನೂ ಆ ತೂಕಕ್ಕೇ ಲೆಕ್ಕ ಹಾಕಿ.

ಆರ್‌ಟಿಒ ವಿಷಯ: ರಿಜಿಸ್ಟರ್ ಆದ ಕಾರೊಂದರ ಇಂಜಿನ್ ಬದಲಿಸಿ ರಸ್ತೆಗೆ ತರೋ ಯೋಚನೆ ಬಿಡಿ. ಮೋಟಾರು ವಾಹನ ಕಾಯ್ದೆಯ ವಾಹನ ಮಾರ್ಪಾಡು ತಡೆಯೋ 52ನೇ ಸೆಕ್ಷನ್ ಅಡ್ಡ ಬರುತ್ತೆ. 182ಎ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಎರಡೂ. ಖಾಸಗಿ ಜಾಗದಲ್ಲಿ ಓಡಿಸಿ, ಅಲ್ಲಿಗೆ ಟ್ರೇಲರ್ ಮೇಲೆ ಒಯ್ಯಿರಿ. ಟ್ರೇಲರಿಗೆ ಕಟ್ಟೋ ಕೊಂಡಿಗಳನ್ನ ಈಗಲೇ ಚಾಸಿ ಡ್ರಾಯಿಂಗಿನಲ್ಲಿ ಸೇರಿಸಿ. ಆಮೇಲೆ ಬೆಸುಗೆ ಹಾಕೋಕೆ ಇಂಜಿನ್ ಇಳಿಸಬೇಕಾಗುತ್ತೆ.