ಗಣಿತದಲ್ಲಿ 80ಕ್ಕೆ 23 ಬಂದಿದೆ, ನಾನು ಓದಿದ್ದು ಏಳನೇ ಕ್ಲಾಸ್, ಮಗನಿಗೆ ಹೇಗೆ ನೆರವಾಗಲಿ?

ಹೊಲಿಗೆಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಹತ್ತಿರ ಒಂದು ಹಳ್ಳಿ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಯಜಮಾನರು ಕೊಬ್ಬರಿ ಲೋಡ್ ಗಾಡಿ ಓಡಿಸುತ್ತಾರೆ, ವಾರದಲ್ಲಿ ಮೂರು ದಿನ ಮನೆಯಲ್ಲಿ ಇರುವುದಿಲ್ಲ. ಮಗ ಸರ್ಕಾರಿ ಹೈಸ್ಕೂಲಲ್ಲಿ ಎಸ್‌ಎಸ್‌ಎಲ್‌ಸಿ, ಕನ್ನಡ ಮೀಡಿಯಂ.

ಮೊದಲ ಪ್ರಿಪರೇಟರಿ ಮುಗಿಯಿತು. ಕನ್ನಡ, ಸಮಾಜ ಪರವಾಗಿಲ್ಲ. ವಿಜ್ಞಾನ ಹಾಗೂ ಹೀಗೂ. ಗಣಿತದಲ್ಲಿ ಮಾತ್ರ 80ಕ್ಕೆ 23. ಅಂಕ ಹೇಳುವಾಗ ಅವನ ಮುಖ ನೋಡಿ ನನಗೆ ಬೈಯಲೂ ಮನಸ್ಸಾಗಲಿಲ್ಲ, ಸಮಾಧಾನ ಹೇಳೋಕೂ ಬರಲಿಲ್ಲ. ಸುಮ್ನೆ ಊಟಕ್ಕೆ ಹಾಕಿದೆ.

ನನ್ನ ಕಷ್ಟ ಏನಂದರೆ, ನನಗೆ ಅವನ ಪುಸ್ತಕ ಅರ್ಥ ಆಗುವುದಿಲ್ಲ. ಪಕ್ಕದ ಮನೆಯವರು ಮಗಳಿಗೆ ತಾವೇ ಹೇಳಿಕೊಡುತ್ತಾರೆ, ನಾನು ಏನು ಹೇಳಿಕೊಡಲಿ? ಟ್ಯೂಷನ್‌ಗೆ ಹಾಕೋಣ ಅಂದರೆ ಈಗ ಎರಡು ತಿಂಗಳಿಗೆ ಅವರು ಕೇಳುವ ದುಡ್ಡು ನನ್ನ ನಲವತ್ತು ಬ್ಲೌಸಿನ ಕೂಲಿ. ಹಾಕಿದರೂ ಉಪಯೋಗ ಆಗುತ್ತೋ ಇಲ್ಲವೋ.

ಇನ್ನೊಂದು, ಶಾಲೆಯ ಮೇಷ್ಟ್ರು ಬೆಳಿಗ್ಗೆ 5 ಗಂಟೆಗೆ ಎಲ್ಲ ಮಕ್ಕಳ ಮನೆಗೂ ಫೋನ್ ಮಾಡಿ ಎಬ್ಬಿಸುತ್ತಾರೆ. ಪಾಪ ಅವರ ಶ್ರಮ ದೊಡ್ಡದು. ಇವನು "ಎದ್ದಿದ್ದೀನಿ ಸರ್, ಓದ್ತಾ ಇದ್ದೀನಿ ಸರ್" ಅಂತ ಹೇಳಿ, ಫೋನ್ ಇಟ್ಟು, ಮತ್ತೆ ಕಂಬಳಿ ಎಳೆದುಕೊಳ್ಳುತ್ತಾನೆ. ಬೈದು ಎಬ್ಬಿಸಬೇಕೋ ಬಿಡಬೇಕೋ ಗೊತ್ತಾಗುತ್ತಿಲ್ಲ. ಓದದ ತಾಯಂದಿರು ಏನು ಮಾಡಬಹುದು ಅಂತ ಗೊತ್ತಿರುವವರು ಹೇಳಿ.

ರಾಗಿಮುದ್ದೆ_77:

ಮೊದಲು ಫೋನ್ ಕಿತ್ಕೊಳ್ಳಿ, ಟಿವಿ ಕೇಬಲ್ ತೆಗೆಸಿ. ನಾನು ನನ್ನ ಮಗನಿಗೆ ಹೋದ ವರ್ಷ ಅದನ್ನೇ ಮಾಡಿದ್ದು. ಈಗಿನ ಮಕ್ಕಳಿಗೆ ಹೆದರಿಕೆ ಅನ್ನುವುದೇ ಇಲ್ಲ, ಅಷ್ಟೇ ವಿಷಯ.

ಸೀಮೆಸುಣ್ಣ:

ಅಮ್ಮಾ, ನಾನು ಸರ್ಕಾರಿ ಹೈಸ್ಕೂಲ್ ಗಣಿತ ಮೇಷ್ಟ್ರು, ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತು. ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸುವ ಗುಂಪಿನಲ್ಲಿ ನಾನೂ ಇದ್ದೇನೆ. ಆ ಕಂಬಳಿ ವಿಷಯ ನಮಗೂ ಗೊತ್ತು, ದನಿ ಕೇಳಿದರೇ ಗೊತ್ತಾಗುತ್ತೆ ಬಿಡಿ.

ಟ್ಯೂಷನ್ ದುಡ್ಡು ಸದ್ಯಕ್ಕೆ ಕೈಯಲ್ಲೇ ಇರಲಿ. ನಾಳೆ ಅಥವಾ ನಾಡಿದ್ದು ಶಾಲೆಗೆ ಹೋಗಿ, ಗಣಿತದ ಮೇಷ್ಟ್ರ ಹತ್ತಿರ ಮಗನ ಪ್ರಿಪರೇಟರಿ ಉತ್ತರ ಪತ್ರಿಕೆ ತೋರಿಸಿ ಅಂತ ಕೇಳಿ. ಮಗನೂ ಪಕ್ಕದಲ್ಲಿರಲಿ. 23 ಅನ್ನೋ ಅಂಕಿಯನ್ನು ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ, ಉಳಿದ 57 ಎಲ್ಲಿ ಹೋಯಿತು ಅನ್ನುವುದು ಆ ಹಾಳೆಯಲ್ಲಿದೆ. ಪ್ರಶ್ನೆ ಮುಟ್ಟಿಯೇ ಇಲ್ಲವಾ, ಅರ್ಧಕ್ಕೆ ಬಿಟ್ಟಿದ್ದಾನಾ, ಇಲ್ಲ ಪೂರ್ತಿ ಬರೆದು ತಪ್ಪಾಗಿದೆಯಾ? ಈ ಮೂರಕ್ಕೂ ಮದ್ದು ಬೇರೆ ಬೇರೆ.

ನಾನು ನೋಡಿಕೊಂಡು ಬಂದಿರುವ ಗಣಿತ ಪತ್ರಿಕೆಗಳಲ್ಲಿ 38 ಪ್ರಶ್ನೆ. ಒಂದಂಕದವು 16 (ಅದರಲ್ಲಿ ಎಂಟು ಬಹು ಆಯ್ಕೆ), ಎರಡಂಕದವು 8, ಮೂರಂಕದವು 9, ನಾಲ್ಕಂಕದವು 4, ಐದಂಕದ್ದು ಒಂದು. ಹಿಂದುಳಿದ ಮಕ್ಕಳು ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ದೊಡ್ಡ ಪ್ರಶ್ನೆ ನಮ್ಮದಲ್ಲ ಅಂತ ಕಡೆಯ ಪುಟಗಳನ್ನು ತಿರುಗಿಸಿಯೂ ನೋಡುವುದಿಲ್ಲ. ಆದರೆ ಸುಲಭದ ಅಂಕ ಅಲ್ಲೇ ಇರುತ್ತೆ! ಪ್ರಮೇಯ ತೆಗೆದುಕೊಳ್ಳಿ. ಚಿತ್ರ, ದತ್ತ, ಸಾಧನೀಯ, ರಚನೆ, ಆಮೇಲೆ ಸಾಧನೆ. ಸಾಧನೆ ಅರ್ಧಕ್ಕೆ ನಿಂತರೂ ಮೇಲಿನವಕ್ಕೆ ಅರ್ಧರ್ಧ ಅಂಕ ಸಿಗುತ್ತೆ. ಖಾಲಿ ಬಿಟ್ಟರೆ ಸೊನ್ನೆ.

ಇನ್ನು ನಕ್ಷೆ ಲೆಕ್ಕ, ಅದು ಸಾಮಾನ್ಯವಾಗಿ ನಾಲ್ಕಂಕ. ಇದನ್ನು ನೀವೇ ನೋಡಿಕೊಳ್ಳಬಹುದು, ನಗಬೇಡಿ. ಎಕ್ಸ್ ಮತ್ತು ವೈ ಕೂಡಿದರೆ 5 ಅಂತ ಒಂದು ಸಮೀಕರಣ ಇದೆ ಅಂದುಕೊಳ್ಳಿ. ಅವನು ಒಂದು ಕೋಷ್ಟಕ ಬರೆಯುತ್ತಾನೆ. ಮೇಲೆ 1 ಇದ್ದರೆ ಕೆಳಗೆ 4, ಮೇಲೆ 2 ಇದ್ದರೆ ಕೆಳಗೆ 3. ಎರಡೂ ಕೂಡಿದರೆ 5 ಬರುತ್ತಾ ಅಂತ ನೋಡೋಕೆ ಏಳನೇ ಕ್ಲಾಸ್ ಬೇಡ, ಎರಡನೇ ಕ್ಲಾಸ್ ಸಾಕು. ಆಮೇಲೆ 1 ಸೆಂ.ಮೀ.ಗೆ 1 ಮಾನ ಅಂತ ಪ್ರಮಾಣ ಬರೆದು ಚುಕ್ಕೆ ಇಟ್ಟು ಗೆರೆ ಎಳೆಯಬೇಕು. ಬಟ್ಟೆ ಮೇಲೆ ಚಾಕ್‌ನಲ್ಲಿ ಗುರುತು ಹಾಕುವ ಕೈ ನಿಮ್ಮದು, ಚುಕ್ಕೆ ಅತ್ತಿತ್ತ ಆಗಿದ್ದರೆ ನಿಮಗೇ ಮೊದಲು ಕಾಣುತ್ತೆ. ಲೆಕ್ಕದಲ್ಲಿ ಇನ್ನೊಂದು ಸಮೀಕರಣವೂ ಇರುತ್ತೆ, ಅದಕ್ಕೂ ಹೀಗೇ ಒಂದು ಗೆರೆ. ಎರಡು ಗೆರೆ ಕೂಡುವ ಜಾಗವೇ ಉತ್ತರ. ಅದನ್ನು ಕೆಳಗೆ ಎಕ್ಸ್ ಇಷ್ಟು, ವೈ ಇಷ್ಟು ಅಂತ ಬರೆಯಲೇಬೇಕು. ನಕ್ಷೆ ಚೆನ್ನಾಗಿ ಎಳೆದು ಅದೊಂದು ಸಾಲು ಬರೆಯದೆ ಅಂಕ ಕಳೆದುಕೊಳ್ಳುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ, ಹೊಟ್ಟೆ ಉರಿಯುತ್ತೆ.

ವಾರಕ್ಕೊಂದು ದಿನ ಹಳೇ ಪ್ರಶ್ನೆ ಪತ್ರಿಕೆ ಕೊಟ್ಟು ಗಡಿಯಾರ ಮುಂದಿಟ್ಟು ಬರೆಸಿ. ಪರೀಕ್ಷೆಯಲ್ಲಿ ಇರುವ ಹಾಗೇ ಮೊದಲ 15 ನಿಮಿಷ ಬರೀ ಓದುವುದು, ಪೆನ್ ಮುಟ್ಟುವ ಹಾಗಿಲ್ಲ. ಆಮೇಲೆ ಮೂರು ಗಂಟೆ. ನಡುವೆ ಎದ್ದು ನೀರಿಗೆ ಹೋಗುವುದು, ನಾಯಿ ನೋಡಲು ಹೋಗುವುದು ಇಲ್ಲ. ಬರೆದದ್ದನ್ನು ನೀವು ತಿದ್ದಬೇಕಾಗಿಲ್ಲ, ಅವರ ಮೇಷ್ಟ್ರಿಗೆ ಕಳಿಸಿ. ತಿದ್ದಿ ಕೊಡಲ್ಲ ಅನ್ನುವ ಮೇಷ್ಟ್ರನ್ನು ನಾನಂತೂ ಕಡಿಮೆ ನೋಡಿದ್ದೇನೆ.

ಕಂಬಳಿಗೆ ಬರೋಣ. ರಾತ್ರಿ 12ರವರೆಗೆ ಎಚ್ಚರ ಇರುವ ಹುಡುಗ 5ಕ್ಕೆ ಏಳುವುದಿಲ್ಲ, ಎದ್ದರೂ ಕೂತಲ್ಲೇ ತೂಕಡಿಸುತ್ತಾನೆ. ಹತ್ತಕ್ಕೆ ಮಲಗಿಸಿ. ಆಗ ಕಂಬಳಿ ತಾನೇ ಬಿಡುತ್ತೆ. ಆಗದಿದ್ದರೆ ನಿಮ್ಮ ಮೇಷ್ಟ್ರಿಗೆ ಹೇಳಿ, ಇವನು ಸಂಜೆ ಓದುವ ಹುಡುಗ ಅಂತ. ನಾವೇನು ಬೇಜಾರು ಮಾಡಿಕೊಳ್ಳಲ್ಲ.

ಕಾಮರ್ಸ್_ಹುಡುಗಿ:

ಆಂಟಿ, ನಾನು 2024ರ ಬ್ಯಾಚ್. ಎಕ್ಸಾಮ್ ಹಾಲಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದು ನಮ್ಮ ಬ್ಯಾಚಿಂದಲೇ. ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಬಿತ್ತಲ್ಲ, ಹಾಗೆ ಬಿದ್ದವರಲ್ಲಿ ನಾನೂ ಒಬ್ಬಳು. ಗಣಿತವೇ.

ರಿಸಲ್ಟ್ ದಿನ ಅಪ್ಪ ಮಾತಾಡಲಿಲ್ಲ. ಅಮ್ಮ ನನ್ನ ಜೊತೆ ಕೂತು ಬೆಳ್ಳುಳ್ಳಿ ಬಿಡಿಸಿದರು, ಸುಮಾರು ಹೊತ್ತು ಆದ ಮೇಲೆ "ಜೂನ್‌ನಲ್ಲಿ ಇನ್ನೊಂದು ಇದೆಯಂತಲ್ಲ, ಅದಕ್ಕೆ ದುಡ್ಡು ಕಟ್ಟೋದು ಯಾವಾಗ?" ಅಂತ ಕೇಳಿದರು. ಅಷ್ಟೇ. ಆ ವರ್ಷ ಪರೀಕ್ಷೆ-1, 2, 3 ಅಂತ ಮೂರು ಮಾಡಿದ್ದರು, ಯಾವುದರಲ್ಲಿ ಜಾಸ್ತಿ ಬರುತ್ತೋ ಅದೇ ಉಳಿಯುತ್ತಿತ್ತು. ಪರೀಕ್ಷೆ-2ರಲ್ಲಿ ಪಾಸಾದೆ, ಕಾಲೇಜಿಗೂ ಸೇರಿದೆ, ವರ್ಷ ಹಾಳಾಗಲಿಲ್ಲ. ಈಗ ಸೆಕೆಂಡ್ ಪಿಯು.

ಅಮ್ಮ ಓದಿದ್ದು ನಾಲ್ಕನೇ ಕ್ಲಾಸ್. ನಾನು ಸಮಾಜ ವಿಜ್ಞಾನ ಅವರಿಗೆ ಕಥೆ ಥರ ಹೇಳಬೇಕಿತ್ತು. ಎಲ್ಲಿ ನಾನು "ಅದೇ... ಏನೋ ಒಂದು ಒಪ್ಪಂದ" ಅಂತ ತೇಲಿಸುತ್ತೇನೋ ಅಲ್ಲೇ ಹಿಡಿಯುತ್ತಿದ್ದರು. "ಏನೋ ಅಂದ್ರೆ ಏನು? ಯಾರ ಜೊತೆ ಒಪ್ಪಂದ?" ಅಂತ. ನನಗೆ ಬರಲ್ಲ ಅಂತ ನನಗೇ ಗೊತ್ತಾಗುತ್ತಿದ್ದದ್ದು ಆಗಲೇ. ಟೀಚರ್ ಕೇಳಿದರೆ ಭಯಕ್ಕೆ ಏನೋ ಒಂದು ಹೇಳುತ್ತೇವೆ, ಅಮ್ಮನ ಹತ್ತಿರ ಆ ಆಟ ನಡೆಯಲ್ಲ ಅಲ್ವಾ.

ಮೇಲೆ ಫೋನ್ ಕಿತ್ಕೊಳ್ಳಿ ಅಂದಿದ್ದಾರೆ. ಅಪ್ಪ ನನ್ನದು ಕಿತ್ಕೊಂಡಿದ್ದರು. ನಾನು ನೋಟ್ಸ್ ಅಂತ ಹೇಳಿ ಫ್ರೆಂಡ್ ಮನೆಗೆ ಹೋಗಿ ಅವಳ ಫೋನಲ್ಲಿ ನೋಡುತ್ತಿದ್ದೆ, ಹೋಗಿಬರೋ ಅರ್ಧ ಗಂಟೆ ಬೇರೆ ದಂಡ. ಪರೀಕ್ಷೆ-2ರ ಹೊತ್ತಿಗೆ ಸಂಜೆ 6ರಿಂದ 9 ಮನೆಯವರೆಲ್ಲರ ಫೋನೂ ಫ್ರಿಜ್ ಮೇಲೆ ಅಂತ ಆಯಿತು. ಅಪ್ಪನದೂ. ಅಪ್ಪನದು ಅಲ್ಲಿ ಇದ್ದದ್ದಕ್ಕೇ ನಾನೂ ಇಟ್ಟೆ.

ರಾಗಿಮುದ್ದೆ_77:

ಸರಿ ಒಪ್ಪಿದೆ. ನಿಜ ಹೇಳಬೇಕಂದ್ರೆ ಕೇಬಲ್ ತೆಗೆಸಿದ ಮೇಲೆ ನಾನು ಫೋನಲ್ಲೇ ಕ್ರಿಕೆಟ್ ನೋಡ್ತಿದ್ದೆ, ಮಗ ಹಿಂದೆ ನಿಂತು ಸ್ಕೋರ್ ಎಷ್ಟು ಅಂತ ಕೇಳ್ತಿದ್ದ.

ಮಾತುಕಡಿಮೆ:

ನಾನು ಇಂಥ ಕಡೆ ಬರೆಯುವವಳಲ್ಲ. ಆದರೂ ಒಂದು ಹೇಳಬೇಕು ಅನ್ನಿಸಿತು.

ನಾನು ಓದಿದ ತಾಯಿ. ಕೆಲಸದಲ್ಲಿದ್ದೇನೆ. ಮಗ ಹತ್ತನೇ ಕ್ಲಾಸ್‌ನಲ್ಲಿದ್ದಾಗ ಗೋಡೆ ಮೇಲೆ ಟೈಮ್ ಟೇಬಲ್ ಅಂಟಿಸಿದ್ದೆ. ಆಫೀಸಿಂದ ಗಂಟೆಗೊಂದು ಸಲ ಫೋನ್ ಮಾಡಿ ಎಷ್ಟನೇ ಪಾಠ ಆಯಿತು ಅಂತ ಕೇಳುತ್ತಿದ್ದೆ. 625ಕ್ಕೆ 600 ಬರಲೇಬೇಕು ಅಂತ ಬಾಯಲ್ಲಿ ಒಂದು ಸಲವೂ ಹೇಳಿರಲಿಲ್ಲ, ಆದರೆ ಅಕ್ಕನ ಮಗಳಿಗೆ 611 ಬಂದಿತ್ತು ಅನ್ನುವುದನ್ನು ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದ್ದೆನೋ ದೇವರಿಗೇ ಗೊತ್ತು. ಫೆಬ್ರವರಿಯಲ್ಲಿ ಅವನು ಊಟ ಕಡಿಮೆ ಮಾಡಿದ. ಓದಿನ ಆತಂಕ ಅಂದುಕೊಂಡೆ. ಆಮೇಲೆ ಮಾತು ಕಡಿಮೆ ಮಾಡಿದ. ಒಂದು ದಿನ ಬೆಳಗಿನ ಜಾವ ನೋಡಿದರೆ ದೀಪ ಹಾಕದೆ ಮೇಜಿನ ಮುಂದೆ ಕೂತಿದ್ದಾನೆ, ಪುಸ್ತಕ ತೆರೆದಿದೆ. ಏನು ಮಾಡ್ತಿದ್ದೀಯ ಅಂದರೆ "ಗೊತ್ತಿಲ್ಲ ಅಮ್ಮ" ಅಂದ.

ಅವತ್ತೇ 14416ಕ್ಕೆ ಫೋನ್ ಮಾಡಿದೆ. ಟೆಲಿಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರುವ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಮೊದಲು ನಾನು ಮಾತಾಡಿದೆ, ಆಮೇಲೆ ಅವನು. ನಂತರ ಡಾಕ್ಟರ್ ಹತ್ತಿರವೂ ಹೋದೆವು. ಟೈಮ್ ಟೇಬಲ್ ನಾನೇ ಕಿತ್ತು ಹಾಕಿದೆ, ಗೋಡೆ ಬಣ್ಣವೂ ಅದರ ಜೊತೆ ಬಂತು. ಅಂಕ ಎಷ್ಟು ಬಂತು ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ಮತ್ತೆ ಅದೇ ಆಗುತ್ತೆ. ಅವನು ಚೆನ್ನಾಗಿದ್ದಾನೆ.

ನೀವು 23 ಅಂತ ಕೇಳಿಯೂ ಊಟಕ್ಕೆ ಹಾಕಿದಿರಲ್ಲ, ಅಲ್ಲೇ ನಿಂತು ಎರಡು ಸಲ ಓದಿದೆ.

ಹೊಲಿಗೆಮನೆ:

ತಡವಾಗಿ ಬರೆಯುತ್ತಿದ್ದೇನೆ, ಎರಡು ವಾರ ಮದುವೆ ಬಟ್ಟೆಗಳ ಕೆಲಸ ಇತ್ತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾತುಕಡಿಮೆ ಅವರೇ, ನಿಮ್ಮದನ್ನು ಯಜಮಾನರಿಗೂ ಓದಿ ಹೇಳಿದೆ.

ಸೀಮೆಸುಣ್ಣ ಸರ್, ಶಾಲೆಗೆ ಹೋಗಿದ್ದೆ. ಹೋಗುವ ಮೊದಲು ಸೀರೆ ಎರಡು ಸಲ ಬದಲಾಯಿಸಿದೆ, ಅಷ್ಟು ಭಯ. ಮೇಷ್ಟ್ರು ಹಾಳೆ ತೆಗೆದು ತೋರಿಸಿದರು. ನೀವು ಹೇಳಿದ ಹಾಗೇ ಕಡೆಯ ಐದು ಪ್ರಶ್ನೆ ಮುಟ್ಟಿಯೇ ಇಲ್ಲ. ಯಾಕೋ ಅಂದರೆ "ಟೈಮ್ ಆಗಲಿಲ್ಲ" ಅಂದ. ಮೇಷ್ಟ್ರು ನಕ್ಕರು, ಮುಕ್ಕಾಲು ಗಂಟೆ ಮೊದಲೇ ಪೇಪರ್ ಕೊಟ್ಟು ಹೋಗಿದ್ದನಂತೆ. ಅಲ್ಲಿ ನಾನು ಏನೂ ಹೇಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವನೇ ಹೇಳಿದ, ಬರದ ಪ್ರಶ್ನೆ ನೋಡುತ್ತಾ ಕೂರೋಕೆ ಆಗಲ್ಲ ಅಮ್ಮ, ಹೊಟ್ಟೆ ತಿರುಚುತ್ತೆ ಅಂತ.

ಈಗ ದಿನಾ ಒಂದು ನಕ್ಷೆ ಹಾಕುತ್ತಾನೆ. ಕೋಷ್ಟಕ ನಾನು ನೋಡುತ್ತೇನೆ. ಮೊನ್ನೆ ಒಂದರಲ್ಲಿ ಕೂಡಿದರೆ 5 ಬರಬೇಕಾದ ಕಡೆ 6 ಬಂದಿತ್ತು, ಹಿಡಿದೆ! ಅವನಿಗಿಂತ ನನಗೇ ಜಾಸ್ತಿ ಖುಷಿ ಆಯಿತು. ಭಾನುವಾರ ಮೂರು ಗಂಟೆ ಪೇಪರ್ ಬರೆಯುತ್ತಾನೆ. ಮೊದಲ ವಾರ ಎರಡು ಗಂಟೆಗೇ ಎದ್ದ. ಹೋದ ವಾರ ಪೂರ್ತಿ ಕೂತ. ಆದರೆ ಕೂತಷ್ಟು ಹೊತ್ತೂ ಬರೆದನಾ ಅಂದರೆ ಇಲ್ಲ.

ಒಂದು ಕೇಳುವುದಿದೆ ಸರ್. ಪರೀಕ್ಷೆ ಕೇಂದ್ರ ನಮ್ಮ ಊರಲ್ಲ, ಬಸ್ಸಲ್ಲಿ ಹೋಗಬೇಕು. ಜೊತೆಗೆ ಹೋಗಬೇಕಾ? ಅವನು ಬೇಡ ಅನ್ನುತ್ತಾನೆ, ಫ್ರೆಂಡ್ಸ್ ನಗುತ್ತಾರಂತೆ.

ಸೀಮೆಸುಣ್ಣ:

ಪರೀಕ್ಷೆ ದಿನ ಬೇಡಮ್ಮ. ಅದಕ್ಕೆ ಮುಂಚೆ ಒಂದು ದಿನ ಹೋಗಿ ಕೇಂದ್ರ ನೋಡಿಕೊಂಡು ಬನ್ನಿ, ಯಾವ ಬಸ್, ಎಷ್ಟು ಹೊತ್ತಿಗೆ, ಅದು ತಪ್ಪಿದರೆ ಮುಂದಿನದು ಯಾವಾಗ ಅಂತ. ಹಾಲ್ ಟಿಕೆಟ್ ತೋರಿಸಿದರೆ ಪರೀಕ್ಷೆ ದಿನಗಳಲ್ಲಿ ಕೆಎಸ್‌ಆರ್‌ಟಿಸಿಯಲ್ಲಿ ದುಡ್ಡು ತೆಗೆದುಕೊಳ್ಳದೆ ಬಿಡುತ್ತಾ ಬಂದಿದ್ದಾರೆ, ಆದರೂ ಜೇಬಲ್ಲಿ ಚಿಲ್ಲರೆ ಇರಲಿ. ಹಾಲ್ ಟಿಕೆಟ್‌ನ ಒಂದು ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಳ್ಳಿ.

ಪರೀಕ್ಷೆ ಮುಗಿಸಿ ಮನೆಗೆ ಬಂದ ಮೇಲೆ ಪ್ರಶ್ನೆ ಪತ್ರಿಕೆ ಹಿಡಿದು ಎಷ್ಟು ಸರಿ ಎಷ್ಟು ತಪ್ಪು ಅಂತ ಲೆಕ್ಕ ಹಾಕಬೇಡಿ. ಮಾರನೇ ಪೇಪರ್ ಅದರಿಂದಲೇ ಹಾಳಾಗುತ್ತೆ. ಮೂರು ಗಂಟೆ ಕೂರುತ್ತಾನೆ ಅಂದಿರಲ್ಲ, ಬರೆಯದೆ ಕೂತರೂ ಪರವಾಗಿಲ್ಲ. ಹೊಟ್ಟೆ ತಿರುಚುವುದು ಕಡಿಮೆಯಾದ ಮೇಲೆ ಬರೆಯೋಕೆ ಶುರು ಮಾಡುತ್ತಾನೆ.

ಹೊಲಿಗೆಮನೆ:

ಆಯ್ತು ಸರ್. ಒಂದು ತಮಾಷೆ ಹೇಳುತ್ತೇನೆ. ಅವನಿಗೆ ಸದ್ದಾಗಬಾರದು ಅಂತ ಸಂಜೆ ಹೊತ್ತು ಮಷೀನ್ ನಿಲ್ಲಿಸಿಬಿಟ್ಟಿದ್ದೆ, ಆರ್ಡರ್ ಎಲ್ಲ ಹಿಂದೆ ಬಿದ್ದಿತ್ತು. ನಿನ್ನೆ ಅವನೇ ಬಂದು "ಅಮ್ಮ, ಮಷೀನ್ ತುಳಿ, ಸದ್ದಿಲ್ಲದಿದ್ರೆ ನಿದ್ದೆ ಬರುತ್ತೆ" ಅಂದ. ಈಗ ಅವನು ಒಂದು ಕಡೆ, ನಾನು ಒಂದು ಕಡೆ. ರಾತ್ರಿ ಒಂಬತ್ತಕ್ಕೆ ಅವನ ಎರಡು ಪ್ರಮೇಯ, ನನ್ನ ಮೂರು ಬ್ಲೌಸ್ ಮುಗಿದಿತ್ತು.