ಸಹಾಯ ಬೇಕು: ಸರ್ಕಾರಿ ಶಾಲೆಯಲ್ಲೂ ಶುಲ್ಕ ಕಟ್ಟಲೇಬೇಕಾ?

ಎಲ್ಲರಿಗೂ ನಮಸ್ಕಾರ. ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ನಿನ್ನೆ ಅವಳ ಡೈರಿಯೊಳಗೆ ನಾಲ್ಕಾಗಿ ಮಡಚಿದ ಚೀಟಿಯೊಂದು ಸಿಕ್ಕಿತು. ಮೇಲೆ 'ಸ್ವಯಂಪ್ರೇರಿತ ದೇಣಿಗೆ', ಕೆಳಗೆ ಕೆಂಪು ಇಂಕಿನಲ್ಲಿ 'ಶುಕ್ರವಾರದೊಳಗೆ ಕಡ್ಡಾಯವಾಗಿ ಪಾವತಿಸಿ'. ಎರಡೂ ಒಂದೇ ಚೀಟಿಯಲ್ಲಿ! ಕಟ್ಟದವರ ಹೆಸರನ್ನ ತರಗತಿಯಲ್ಲಿ ಓದ್ತಾರಂತೆ. ಅದನ್ನ ಹೇಳುವಾಗ ಅವಳು ನನ್ನ ಮುಖ ನೋಡದೆ ಚೀಟಿಯ ಅಂಚು ಹರೀತಾ ಕೂತಿದ್ದಳು. ದುಡ್ಡಿಗಿಂತ ಅದೇ ಹೆಚ್ಚು ಚುಚ್ಚಿತು.

ಶಾಲೆಗೆ ಖರ್ಚೇ ಇಲ್ಲ ಅಂತ ನಾನು ಹೇಳ್ತಿಲ್ಲ. ನೀರು, ಕರೆಂಟು, ಪ್ರಶ್ನೆಪತ್ರಿಕೆಯ ಝೆರಾಕ್ಸು, ಎಲ್ಲಕ್ಕೂ ದುಡ್ಡು ಬೇಕು. ಆದ್ರೆ ಪ್ರಾಥಮಿಕ ಶಿಕ್ಷಣ ಎಲ್ಲರಿಗೂ ಉಚಿತವಾಗಿ ಸಿಗಬೇಕು ಅನ್ನೋದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯಲ್ಲೇ ಇದೆ. ಇನ್ನೂ ನೇರವಾಗಿ, ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಸಮಿತಿ 1999ರಲ್ಲಿ ಕೊಟ್ಟ ವಿವರಣೆಯಲ್ಲಿ, ಹೆಸರಿಗೆ ಸ್ವಯಂಪ್ರೇರಿತ, ನಿಜದಲ್ಲಿ ಕಡ್ಡಾಯ ಆಗಿರೋ ವಸೂಲಿಯೂ ಶುಲ್ಕದಂಥ ಅಡ್ಡಿಯೇ ಆಗಬಹುದು ಅಂದಿದೆ. ದುಬಾರಿ ಸಮವಸ್ತ್ರದ ಮಾತೂ ಅಲ್ಲೇ ಬರುತ್ತೆ.

ಅನುಭವ ಇರೋರು ಹೇಳಿ. ಯಾವ ಆದೇಶದ ಮೇಲೆ ವಸೂಲಿ ಅಂತ ಲಿಖಿತವಾಗಿ ಕೇಳಿದ್ರೆ ಮಗುವಿಗೆ ತೊಂದರೆ ಆಗುತ್ತಾ? ನಾನೊಬ್ಬನೇ ಅರ್ಜಿ ಕೊಡ್ಲಾ, ನಾಲ್ಕಾರು ಪೋಷಕರನ್ನ ಸೇರಿಸಿಕೊಳ್ಳಲಾ? ನಮೂನೆ ಇದ್ರೆ ದಯವಿಟ್ಟು ಕಳಿಸಿ. ರಸೀದಿ ಕೊಡ್ತೀರಾ ಅಂತ ಕೇಳಿದ್ದಕ್ಕೆ ಶಾಲೆಯಿಂದ ಉತ್ತರವೇ ಇಲ್ಲ.

'ಕಟ್ಟಿ ಕೈತೊಳ್ಕೊಳ್ಳಿ' ಅನ್ನೋ ಸಲಹೆ ಬೇಡ, ಅದು ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ.